ಶಬ್ದಗಳ ಜಾಡಿನಲ್ಲಿ

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತಿದ್ದ ಗಾದೆ ಒಂದಿತ್ತು: “ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.” ಈ ಗಾದೆಯನ್ನು ಹೇಳುತ್ತಿದ್ದವರು ನಮ್ಮ ಅಜ್ಜಿ. ಅದಕ್ಕೆ ಗುರಿಯಾಗುತ್ತಿದ್ದವನು ಬಹುಮಟ್ಟಿಗೆ ನಾನೇ. ಗಾದೆಯ ಎರಡನೆಯ ಅರ್ಧ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮೊದಲನೆಯ ಅರ್ಧ ಮಾತ್ರ ಬಗೆಹರಿಯದು. ನಮ್ಮ ಅಡುಗೆಮನೆಯ ಮೇಲೆ ಒಂದು ಅಟ್ಟವಿತ್ತು. ಹಳೆಯ ಹಂಡೆ, ಉಪ್ಪಿನಕಾಯಿ ಜಾಡಿ, ಕಟ್ಟಿಗೆಯ ಹೊರೆ ಇವೆಲ್ಲ ಅಲ್ಲಿ ಇರುತ್ತಿದ್ದವು. ಆ ಅಟ್ಟದ ಮೇಲೆ ಯಾರೋ ಒಲೆ ಹೂಡಿ ಉರಿ ಹಚ್ಚಿದ್ದಾರೆ, ಮನೆಗೆ ಬೆಂಕಿ ಬಿದ್ದಿದೆ, ಆಮೇಲೆ ಬುದ್ಧಿ ಬಂದಿದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಅರ್ಥ ಅಷ್ಟೇನೂ ಕೆಟ್ಟದ್ದಲ್ಲ, ಅಲ್ಲವೆ?

ಮಾಧ್ಯಮಿಕ ಶಾಲೆಯಲ್ಲಿ ನಮಗೆ ಕನ್ನಡ ಹೇಳುತ್ತಿದ್ದ ಮೇಷ್ಟರು ಒಂದು ದಿನ ಕ್ರಿಯಾಪದಗಳ ಪಾಠ ಮಾಡುತ್ತ, ಕರಿಯ ಹಲಗೆಯ ಮೇಲೆ ಹೀಗೆ ಬರೆದರು: ಕೊಡು - ಕೊಟ್ಟ, ಇಡು - ಇಟ್ಟ, ಸುಡು - ಸುಟ್ಟ, ಕೆಡು - ಕೆಟ್ಟ. ಆಮೇಲೆ “ಅಡು” ಎಂದು ಬರೆದು ನಮ್ಮತ್ತ ತಿರುಗಿದರು. “ಅಟ್ಟ” ಎಂದು ಇಡೀ ತರಗತಿ ಕೂಗಿತು. “ಅಡು ಅಂದರೆ ಏನೋ?” ಯಾರಿಗೂ ಗೊತ್ತಿಲ್ಲ. “ನಿಮ್ಮ ಅಮ್ಮ ದಿನಾ ಬೆಳಿಗ್ಗೆ ಎದ್ದು ಏನು ಮಾಡುತ್ತಾರೋ ಅದು” ಎಂದರು ಮೇಷ್ಟರು. ಉಡು ಎಂಬುದರಿಂದ ಉಡುಗೆ, ತೊಡು ಎಂಬುದರಿಂದ ತೊಡುಗೆ ಆದ ಹಾಗೆಯೇ ಅಡು ಎಂಬುದರಿಂದ ಅಡುಗೆ. ಅಡು ಎಂದರೆ ಬೇಯಿಸು. ಅಟ್ಟ ಮೇಲೆ ಎಂದರೆ ಬೇಯಿಸಿ ಆದ ಮೇಲೆ. ಅಡುಗೆಯೆಲ್ಲ ಹೇಗೋ ಮುಗಿದ ಮೇಲೆ ಒಲೆ ಚೆನ್ನಾಗಿ ಹೊತ್ತಿಕೊಂಡಿತಂತೆ!

ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಈಗ ವರ್ಣಿಸುವುದು ಕಷ್ಟ. ಅಡು ಎಂಬ ಕ್ರಿಯಾಪದ ಇಂದಿನ ಮಾತಿನಲ್ಲಿ ಸತ್ತೇ ಹೋಗಿದೆ ಎನ್ನಬೇಕು; “ನಾನು ಅನ್ನ ಅಡುತ್ತೇನೆ” ಎಂದರೆ ಜನ ನಗುತ್ತಾರೆ. ಆದರೆ ಅದರ ಮಗಳು ಅಡುಗೆ ಮನೆಮನೆಯಲ್ಲೂ ಇದ್ದಾಳೆ. ಅದರ ಭೂತಕಾಲದ ರೂಪ ಓದು ಬಾರದ ನಮ್ಮ ಅಜ್ಜಿಯ ಬಾಯಲ್ಲಿ, ಒಂದು ಗಾದೆಯ ಆಸರೆಯಲ್ಲಿ, ಜೀವ ಹಿಡಿದುಕೊಂಡಿತ್ತು. ಅಂದಿನಿಂದ ನನಗೆ ಈ ಚಾಳಿ ಅಂಟಿಕೊಂಡಿತು. ಯಾವ ಮಾತು ಕೇಳಿದರೂ ಅದರ ಊರು ಯಾವುದು, ಅಪ್ಪ ಅಮ್ಮ ಯಾರು ಎಂದು ವಿಚಾರಿಸುವ ಚಾಳಿ. ಹೆಣ್ಣು ಕೊಡುವವರು ಕೂಡ ಇಷ್ಟು ವಿಚಾರಿಸುವುದಿಲ್ಲ ಎಂದು ಮನೆಯವರು ಹಾಸ್ಯ ಮಾಡುವುದುಂಟು.

ಓದುಗರಾದ ತಮಗೂ ಈ ಚಾಳಿಯನ್ನು ಹತ್ತಿಸಬೇಕೆಂಬುದು ನನ್ನ ಉದ್ದೇಶ. ಅದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಮೊದಲು ಒಂದು ಕೆಲಸ ಮಾಡಿ: ಬೆರಳು ಮಡಿಸಿ ಹತ್ತು ಹತ್ತಾಗಿ ಎಣಿಸಿ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಏನಾದರೂ ವಿಚಿತ್ರ ಕಂಡಿತೆ? ಎರಡು ಹತ್ತು ಸೇರಿದರೆ “ಇಹತ್ತು” ಆಗಬೇಕಿತ್ತಲ್ಲ, ಇಪ್ಪತ್ತು ಏಕಾಯಿತು? ಈ ಪಕಾರ ಎಲ್ಲಿಂದ ಬಂತು?

ಅದು ಎಲ್ಲಿಂದಲೋ ಬಂದದ್ದಲ್ಲ, ಮೊದಲಿನಿಂದಲೂ ಅಲ್ಲಿದ್ದದ್ದೇ. ಹಳಗನ್ನಡದಲ್ಲಿ ಹತ್ತು ಎಂಬುದು “ಪತ್ತು” ಆಗಿತ್ತು. ಹಾಲು ಪಾಲ್ ಆಗಿತ್ತು, ಹುಲಿ ಪುಲಿ, ಹೂವು ಪೂ, ಹೆಸರು ಪೆಸರ್, ಹಳ್ಳಿ ಪಳ್ಳಿ. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ನಮ್ಮ ಶಾಸನಗಳಲ್ಲಿ ಶಬ್ದದ ಮೊದಲಿನ ಪಕಾರ ಸಡಿಲವಾಗಿ ಹಕಾರವಾಗತೊಡಗಿದ್ದು ಕಂಡುಬರುತ್ತದೆ. ತುಟಿ ಕೂಡಿಸಿ ಉಚ್ಚರಿಸುತ್ತಿದ್ದ ಅಕ್ಷರ ಬರಿಯ ಉಸಿರಾಯಿತು. ಆದರೆ ಶಬ್ದದ ನಡುವೆ ಒತ್ತಕ್ಷರವಾಗಿ ಕುಳಿತಿದ್ದ ಪಕಾರಕ್ಕೆ ಏನೂ ಆಗಲಿಲ್ಲ. ಅಪ್ಪ, ಉಪ್ಪು, ಕಪ್ಪು ಹಾಗೆಯೇ ಉಳಿದವು. ಇಪ್ಪತ್ತು, ಎಪ್ಪತ್ತುಗಳೂ ಉಳಿದವು. ಮೂವತ್ತಿನಲ್ಲಿ ಅದು ವಕಾರವಾಯಿತು. ಎಂಬತ್ತು, ತೊಂಬತ್ತುಗಳಲ್ಲಿ ಹಿಂದಿನ ಅನುನಾಸಿಕದ ಸಂಗದಿಂದ ಬಕಾರವಾಯಿತು. ಸಂತೆಯಲ್ಲಿ ತೆಂಗಿನಕಾಯಿ ಎಣಿಸುವವನ ಬಾಯಲ್ಲಿ ಸಾವಿರ ವರ್ಷದ ಹಿಂದಿನ ಕನ್ನಡ ಹೀಗೆ ಇಣುಕಿ ಹೋಗುತ್ತಿರುತ್ತದೆ.

ನೆರೆಹೊರೆಯ ಭಾಷೆಗಳು ಇದಕ್ಕೆ ಸಾಕ್ಷಿ. ತಮಿಳರು ಇಂದಿಗೂ ಪಾಲ್, ಪುಲಿ, ಪತ್ತು ಎನ್ನುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ. ಮಂಗಳೂರಿನಲ್ಲಿ ದಸರೆಯ ದಿನಗಳಲ್ಲಿ ಹುಲಿವೇಷ ನೋಡಿದವರು ಅದನ್ನು ತುಳುವರು ಪಿಲಿವೇಷವೆಂದು ಕರೆಯುವುದನ್ನು ಕೇಳಿಯೇ ಇರುತ್ತೀರಿ. ಇನ್ನು ಹಳೆಯ ಮೈಸೂರಿನ ಹಳ್ಳಿಗಳ ಕಡೆ ಬಂದರೆ ಹಾಲು ಆಲಾಗಿದೆ, ಹೂವು ಊವಾಗಿದೆ. ಮಕ್ಕಳು ಹಾಗೆ ಉಚ್ಚರಿಸಿದರೆ ಮೇಷ್ಟರು ಬೈಯುತ್ತಾರೆ. ಬೈಯಲಿ, ಶುದ್ಧ ಉಚ್ಚಾರಣೆ ಕಲಿಸುವುದು ಅವರ ಧರ್ಮ. ಆದರೆ ಪಾಲು ಹಾಲಾದ ದಿನ ಅಂದಿನ ಮೇಷ್ಟರೂ ಹೀಗೆಯೇ ಬೈದಿರಬೇಕಲ್ಲವೆ? ನಿಯಮಕ್ಕೆ ಸಿಕ್ಕದೆ ತಪ್ಪಿಸಿಕೊಂಡ ಶಬ್ದಗಳೂ ಕೆಲವಿವೆ. ಆಸ್ತಿಯ “ಪಾಲು” ಇಂದಿಗೂ ಪಾಲಾಗಿಯೇ ಇದೆ. ತನ್ನ ಪಾಲನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲವಷ್ಟೆ.

ಈ ನಿಯಮ ಅಚ್ಚಗನ್ನಡ ಶಬ್ದಗಳನ್ನು ಮಾತ್ರವಲ್ಲ, ಅದಕ್ಕೂ ಮೊದಲೇ ಬಂದು ನೆಲೆಸಿದ್ದ ಸಂಸ್ಕೃತ ಶಬ್ದಗಳನ್ನೂ ಹಿಡಿಯಿತು. ಪಣ ಹಣವಾಯಿತು. ಪ್ರವಾಳ ಹವಳವಾಯಿತು. ಪುಸ್ತಕ ಹೊತ್ತಗೆಯಾಯಿತು. ಆಮೇಲೆ ಪಂಡಿತರು ಅದೇ ಪುಸ್ತಕವನ್ನು ಮತ್ತೆ ಸಂಸ್ಕೃತದಿಂದ ನೇರವಾಗಿ ತಂದುಕೊಂಡದ್ದರಿಂದ ಈಗ ನಮ್ಮಲ್ಲಿ ಎರಡೂ ಇವೆ. ಒಂದೇ ಶಬ್ದ ಎರಡು ಸಲ ಬೇರೆ ಬೇರೆ ಬಾಗಿಲಿನಿಂದ ಮನೆಯೊಳಕ್ಕೆ ಬಂದಂತೆ. ಪರ್ವ ಎಂಬುದು ಪಬ್ಬವಾಗಿ, ಹಬ್ಬವಾಯಿತು. ಈ ಪರ್ವದ ಅರ್ಥ ಬಲು ಸೊಗಸಾದದ್ದು. ಕಬ್ಬಿನಲ್ಲಿ, ಬಿದಿರಿನಲ್ಲಿ ಗೆಣ್ಣು ಇರುತ್ತದಲ್ಲ, ಅದು ಪರ್ವ. ಉದ್ದಕ್ಕೆ ಒಂದೇ ಸಮನೆ ಬೆಳೆದುಕೊಂಡು ಹೋಗುವ ಕಾಲಕ್ಕೆ ಅಮಾವಾಸ್ಯೆ ಹುಣ್ಣಿಮೆಗಳು ಗೆಣ್ಣುಗಳು. ಯುಗಾದಿಯ ದಿನ ಹೋಳಿಗೆ ತಿನ್ನುವಾಗ ನಾವು ವರ್ಷವೆಂಬ ಕಬ್ಬಿನ ಗೆಣ್ಣಿನ ಮೇಲೆ ಕುಳಿತಿರುತ್ತೇವೆ.

ಇನ್ನೊಂದು ಚಮತ್ಕಾರ ನೋಡಿ. “ಹಸುವನ್ನು ಕರೆ” ಎಂದು ನಾನು ತಮಗೆ ಹೇಳಿದರೆ ತಾವು ಏನು ಮಾಡುತ್ತೀರಿ? “ಬಾ ಗೌರಿ” ಎಂದು ಕೂಗುತ್ತೀರೋ, ಚೊಂಬು ಹಿಡಿದು ಕೆಚ್ಚಲ ಬಳಿ ಕೂರುತ್ತೀರೋ? ಎರಡಕ್ಕೂ ಒಂದೇ ಮಾತಾದದ್ದು ಈಚೆಗೆ. ಹಳಗನ್ನಡದಲ್ಲಿ ಕೂಗುವ ಕರೆಗೆ ಸಾಧಾರಣವಾದ ರಕಾರ. ಹಾಲು ಕರೆಯುವ ಕಱೆಗೆ ಶಕಟರೇಫವೆಂಬ ಬೇರೊಂದು ಅಕ್ಷರ. ಹಾಗೆಯೇ ಕಡಲಿನ ತೆರೆ ಬೇರೆ, ಬಾಗಿಲನ್ನು ತೆಱೆಯುವುದು ಬೇರೆ. ಪೈರನ್ನು ಅರಿಯುವುದು ಬೇರೆ, ವಿಷಯವನ್ನು ಅಱಿಯುವುದು ಬೇರೆ. ಇದರಂತೆಯೇ ರಳವೆಂಬ ಅಕ್ಷರವೂ ಇತ್ತು: ೞ. ಮನೆಯ ಆಳಿಗೆ ನಮ್ಮ ಈಗಿನ ಳಕಾರ, ಬಾವಿಯ ಆೞಕ್ಕೆ ಆ ರಳ. ಕತ್ತೆಯನ್ನು ಹಿಂದಿನವರು ಕೞ್ತೆ ಎನ್ನುತ್ತಿದ್ದರು. ತಮಿಳಿನಲ್ಲಿ ಅದು ಇಂದಿಗೂ ಕೞುದೈ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣವನ್ನು ಬರೆದಾಗ ಈ ಭೇದಗಳು ಆಗಲೇ ಮಾಸುತ್ತಿದ್ದವು. ಆದ್ದರಿಂದಲೇ ಆತ ರಳವಿರುವ ಶಬ್ದಗಳನ್ನು ಹುಡುಕಿ ಪಟ್ಟಿಮಾಡಿಕೊಟ್ಟ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಪಟ್ಟಿಮಾಡುವುದಿಲ್ಲ. ಪಟ್ಟಿ ಹುಟ್ಟಿತೆಂದರೆ ಮರೆವು ಬಾಗಿಲಿಗೆ ಬಂದಿದೆ ಎಂದೇ ತಿಳಿಯಬೇಕು. ಅಕ್ಷರಗಳು ಹೋದವು, ಅವು ಬೇರ್ಪಡಿಸುತ್ತಿದ್ದ ಅರ್ಥಗಳು ಮಾತ್ರ ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಬಾಳುವೆ ನಡೆಸುತ್ತಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಶಬ್ದದ ಮೂಲ ಹುಡುಕುವ ಹುಚ್ಚು ಹಿಡಿದವರಿಗೆ ಕಥೆ ಕಟ್ಟುವ ಹುಚ್ಚೂ ಬೇಗ ಹಿಡಿಯುತ್ತದೆ. ಬೆಂಗಳೂರಿನ ಕಥೆ ಎಲ್ಲರಿಗೂ ಗೊತ್ತು. ಹೊಯ್ಸಳರ ವೀರಬಲ್ಲಾಳ ಬೇಟೆಯಾಡುತ್ತ ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟು ಹಸಿವು ತೀರಿಸಿದಳು, ಆ ಜಾಗ ಬೆಂದಕಾಳೂರಾಯಿತು. ಕಥೆ ಚೆನ್ನಾಗಿದೆ; ಮುದುಕಿಯ ಔದಾರ್ಯವೂ ಮೆಚ್ಚತಕ್ಕದ್ದೇ. ಆದರೆ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂದು ವೀರಗಲ್ಲಿದೆ; ಗಂಗರ ಕಾಲದ್ದು, ಸುಮಾರು ಕ್ರಿ. ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಅಂದರೆ ಮುದುಕಿ ಒಲೆ ಹೊತ್ತಿಸುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಹಾಗಾದರೆ ನಿಜವಾದ ಅರ್ಥವೇನು ಎಂದರೆ, ಅದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಇದು ಕೆಲವರಿಗೆ ನಿರಾಸೆಯ ಮಾತು. ನನಗೆ ಮಾತ್ರ, ಕೇಳುವುದಕ್ಕೆ ಹಿತವಾದ ಸುಳ್ಳು ಉತ್ತರಕ್ಕಿಂತ ಇತ್ಯರ್ಥವಾಗದ ಪ್ರಶ್ನೆ ಮೇಲು ಎನ್ನಿಸುತ್ತದೆ.

ನಾವು ಕಟ್ಟಿದ ಕಥೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಹೇಗೆ? ಉಪ್ಪಿಟ್ಟನ್ನೇ ತೆಗೆದುಕೊಳ್ಳಿ. “ಉಪ್ಪು ಇಟ್ಟು ಮಾಡಿದ್ದು, ಆದ್ದರಿಂದ ಉಪ್ಪಿಟ್ಟು” ಎನ್ನುವವರಿದ್ದಾರೆ. ಹಾಗಾದರೆ ಸಾರು ಹುಳಿಗಳಿಗೆ ಉಪ್ಪು ಇಡುವುದಿಲ್ಲವೆ? ಉಪ್ಪು, ಹಿಟ್ಟು ಎರಡೂ ಸೇರಿ ಉಪ್ಪಿಟ್ಟು ಎಂಬುದೇ ಸರಿ. ಪಕ್ಕದ ತಮಿಳರು ಇದೇ ತಿಂಡಿಯನ್ನು ಉಪ್ಪುಮಾ ಎನ್ನುತ್ತಾರೆ. ಮಾವು ಎಂದರೆ ಅವರಲ್ಲಿ ಹಿಟ್ಟು. ಎರಡು ಮನೆಯವರು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಸಾಕ್ಷಿ ನುಡಿದರೆ ನಂಬಬಹುದು. ಇಷ್ಟೇ ಇದರ ಗುಟ್ಟು: ಅಕ್ಷರಗಳು ನಿಯಮದಂತೆ ಬದಲಾಗಿವೆಯೆ ನೋಡಬೇಕು, ಸೋದರ ಭಾಷೆಗಳನ್ನು ಕೇಳಬೇಕು, ಶಾಸನವಿದ್ದರೆ ಅದರ ಕಾಲವನ್ನು ವಿಚಾರಿಸಬೇಕು. ಕಿವಿಗೆ ಇಂಪಾಗಿದೆ ಎಂಬ ಕಾರಣಕ್ಕೆ ಒಪ್ಪಿಕೊಳ್ಳಬಾರದು.

ಅಡುಗೆಮನೆಗೆ ಬಂದದ್ದಾಯಿತು, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರೋಣ. ಅಲ್ಲಿಯ ಡಬ್ಬಗಳಲ್ಲಿ ಭೂಗೋಳವೇ ಅಡಗಿದೆ. ಮೆಣಸು ನಮ್ಮ ಮಲೆನಾಡಿನ ಬಳ್ಳಿ. ಅದನ್ನು ಹುಡುಕಿಕೊಂಡೇ ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. ಬಂದ ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಹೊಸ ಕಾಯೊಂದನ್ನು ನಮ್ಮ ಕರಾವಳಿಗೆ ತಂದರು. ಅದು ಮೆಣಸಿನಂತೆಯೇ ಖಾರ, ಆದರೆ ಕಾಳಲ್ಲ, ಕಾಯಿ. ಜನ ಅದನ್ನು ಮೆಣಸಿನಕಾಯಿ ಎಂದರು. ಮುಂದೆ ಆ ಕಾಯಿಯ ಪ್ರತಾಪ ಎಷ್ಟು ಬೆಳೆಯಿತೆಂದರೆ, ಮೂಲದ ಮೆಣಸು ತಾನು ಯಾರೆಂದು ಹೇಳಿಕೊಳ್ಳುವುದಕ್ಕೆ ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಕರಾವಳಿಯ ಕಡೆ ಅದನ್ನು ಒಳ್ಳೆಮೆಣಸು ಎನ್ನುತ್ತಾರೆ. ಆ “ಒಳ್ಳೆ” ಎಂಬ ಮಾತಿನಲ್ಲಿ ಹಳೆಯ ನಂಟಸ್ತಿಕೆಯ ಕಕ್ಕುಲತೆ ಕಾಣುವುದಿಲ್ಲವೆ?

ಪರಂಗಿ ಹಣ್ಣೂ ಅದೇ ದಾರಿಯಲ್ಲಿ ಬಂದದ್ದು. ಯೂರೋಪಿನ ಫ್ರಾಂಕ್ ಎಂಬ ಜನಾಂಗದ ಹೆಸರನ್ನು ಅರಬರು ಯೂರೋಪಿಯನ್ನರಿಗೆಲ್ಲ ಅನ್ವಯಿಸಿದರು. ಅದು ಪಾರಸಿಯಲ್ಲಿ ಫರಂಗಿಯಾಗಿ, ನಮ್ಮಲ್ಲಿ ಪರಂಗಿಯಾಯಿತು. ಪರಂಗಿಯವರು ತಂದ ಹಣ್ಣು ಪರಂಗಿ ಹಣ್ಣು. ಮೇಜು, ಪಾದ್ರಿ, ಅನಾನಸು, ಉತ್ತರ ಕರ್ನಾಟಕದಲ್ಲಿ ಸಂಬಳಕ್ಕೆ ಹೇಳುವ ಪಗಾರ, ಕೀಲಿಕೈಗೆ ಹೇಳುವ ಚಾವಿ ಇವೆಲ್ಲ ಪೋರ್ಚುಗೀಸರ ಹಡಗಿನಿಂದಲೇ ಇಳಿದವು.

ಹೋದ ಶಬ್ದಗಳೂ ಉಂಟು. ಬದನೆಕಾಯಿಯ ಯಾತ್ರೆಯನ್ನು ಕೇಳಿ. ಕನ್ನಡದ ಬದನೆ, ಮಲಯಾಳದ ವೞುದನ ಇವೆಲ್ಲ ಒಂದೇ ಬುಡದವು. ಈ ದ್ರಾವಿಡ ಶಬ್ದವೇ ಸಂಸ್ಕೃತದ ಮೂಲಕ ಪಾರಸಿಗೆ ಹೋಗಿ ಬಾದಿಂಗಾನ್ ಆಯಿತೆಂದು ವಿದ್ವಾಂಸರ ಅಭಿಪ್ರಾಯ. ಅರಬರು ಅದನ್ನು ಬಾದಿಂಜಾನ್ ಎಂದು ಸ್ಪೇನಿನವರೆಗೆ ಒಯ್ದರು. ಪೋರ್ಚುಗೀಸರಲ್ಲಿ ಅದು ಬೆರಿಂಜೆಲ ಆಯಿತು. ಅವರು ಭಾರತಕ್ಕೆ ಬರುವಾಗ ಅದನ್ನು ನಾಲಗೆಯ ಮೇಲೆ ಇಟ್ಟುಕೊಂಡೇ ಬಂದರು. ಇಲ್ಲಿಯ ಇಂಗ್ಲಿಷಿನಲ್ಲಿ ಅದು ಬ್ರಿಂಜಾಲ್ ಆಗಿ ನೆಲೆಸಿತು. ಇಂದು ಅಂಗಡಿಯವನನ್ನು “ಬ್ರಿಂಜಾಲ್ ಇದೆಯಾ?” ಎಂದು ಕೇಳುವ ಪೇಟೆಯ ಗೃಹಿಣಿ ತಾನು ಹೊಸ ಶಬ್ದ ಬಳಸುತ್ತಿದ್ದೇನೆಂದುಕೊಂಡಿರುತ್ತಾಳೆ. ಅವಳು ಕೇಳುತ್ತಿರುವುದು ಲೋಕ ಸುತ್ತಿ, ವೇಷ ಬದಲಾಯಿಸಿಕೊಂಡು ತೌರಿಗೆ ಮರಳಿದ ನಮ್ಮ ಬದನೆಯನ್ನೇ.

ಸಕ್ಕರೆಯ ಮೂಲ ಸಂಸ್ಕೃತದ ಶರ್ಕರಾ. ಅದಕ್ಕೆ ಮೊದಲಿನ ಅರ್ಥ ಮರಳುಗಲ್ಲು, ಗರಸು. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸಿದಾಗ ಕಂಡದ್ದು ಗರಸಿನ ಹಾಗಿತ್ತು. ಈ ಶಬ್ದವೂ ಪಾರಸಿ, ಅರಬ್ಬಿಗಳ ಮೂಲಕ ಯೂರೋಪಿಗೆ ಹೋಗಿ ಶುಗರ್ ಆಯಿತು. ಆದರೆ ನಾವು ಮಾಡಿರುವ ತಮಾಷೆ ಯಾರೂ ಮಾಡಿಲ್ಲ: ಶರ್ಕರೆ ಎಂದರೇ ಕಲ್ಲೆಂಬುದನ್ನು ಮರೆತು, ಅದಕ್ಕೆ ಇನ್ನೊಂದು ಕಲ್ಲು ಸೇರಿಸಿ ಕಲ್ಲುಸಕ್ಕರೆ ಎಂದಿದ್ದೇವೆ.

ಇನ್ನು ಕಚೇರಿಯ ಶಬ್ದಗಳ ಮಾತು. ಇಲ್ಲಿ ನಗು ಸ್ವಲ್ಪ ಕಡಮೆಯಾಗುತ್ತದೆ. ರೈತನು ಕೈಯಲ್ಲಿ ಹಿಡಿದುಕೊಂಡು ಓಡಾಡುವ ಪಹಣಿ ಎಂಬುದು ಮರಾಠಿಯ ಪಾಹಣೆ, ಎಂದರೆ ನೋಡು ಎಂಬುದರಿಂದ ಬಂದದ್ದು. ನೋಡಿ ತನಿಖೆ ಮಾಡಿ ಬರೆದದ್ದು ಎಂದು ಅರ್ಥ. ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂದಿದೆ. ಅದರಲ್ಲೂ ಖುಷ್ಕಿ, ತರಿ, ಬಾಗಾಯ್ತು ಎಂಬ ಮಾತುಗಳು ಹಾಗೆಯೇ ಇವೆ. ಮೂರೂ ಪಾರಸಿ. ಖುಷ್ಕ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆಯಾದದ್ದು, ಬಾಗ್ ಎಂದರೆ ತೋಟ. ನಮ್ಮ ಹಳ್ಳಿಯವರು ಹೊಲ, ಗದ್ದೆ, ತೋಟ ಎಂದು ಹೇಳುವುದು ಇವನ್ನೇ. ಖುಷ್ಕಿ ಎಂದರೆ ಖುಷಿಯ ಜಮೀನು ಎಂದುಕೊಂಡಿದ್ದವನೊಬ್ಬನನ್ನು ನಾನು ಬಲ್ಲೆ. ಅವನ ಹೊಲದ ಸ್ಥಿತಿ ಬಲ್ಲವರಿಗೆ ಅದು ನಗುವ ಮಾತಲ್ಲ. ರೈತ ಎಂಬ ಶಬ್ದವೂ ಅರಬ್ಬಿಯದು. ಕುರುಬನ ಕಾವಲಿನಲ್ಲಿರುವ ಮಂದೆ, ಆ ಮೂಲಕ ಅರಸನ ಕೈಕೆಳಗಿನ ಪ್ರಜೆ ಎಂದು ಅದರ ಹಿಂದಿನ ಅರ್ಥ. ಕಂದಾಯ ಕೊಡುವ ಪ್ರಜೆಯೆಂದರೆ ಹೆಚ್ಚಾಗಿ ಉಳುವವನೇ ಆದ್ದರಿಂದ ಹೆಸರು ಅವನಿಗೇ ನಿಂತಿತು. ಶಿರಸ್ತೇದಾರ ಎಂಬಲ್ಲಿ ಸಂಸ್ಕೃತದ ಶಿರಸ್ಸಿದೆ ಎಂದು ಭಾವಿಸುವುದುಂಟು. ಅದು ಪಾರಸಿಯ ಸರ್-ರಿಶ್ತಾ, ನೂಲಿನ ತುದಿ. ಕಾಗದದ ಕಟ್ಟುಗಳ ಎಳೆಯನ್ನು ಕೈಯಲ್ಲಿ ಹಿಡಿದವನು. ಆದರೆ ಪಾರಸಿಯ ಸರ್, ಸಂಸ್ಕೃತದ ಶಿರಸ್ ಎರಡೂ ಒಂದೇ ಮೂಲದ ಒಡಹುಟ್ಟುಗಳಾದ್ದರಿಂದ, ಆ ತಪ್ಪು ಊಹೆ ಪೂರ್ತಿ ತಪ್ಪೂ ಅಲ್ಲ.

ನಮ್ಮ ಅಜ್ಜಿಯ ವಿಷಯ ಇಲ್ಲಿ ಹೇಳಬೇಕು. ತಾತ ತೀರಿಕೊಂಡ ಮೇಲೆ, ಮಗಳ ಮದುವೆಗೆಂದು ಆಕೆ ಎರಡು ಎಕರೆ ಗದ್ದೆಯ ಮೇಲೆ ಹಣ ತೆಗೆದುಕೊಂಡರು. ಆಕೆಗೆ ಗೊತ್ತಿದ್ದದ್ದು ಭೋಗ್ಯ. ಹಣ ಕೊಟ್ಟವನು ಗದ್ದೆಯ ಫಲ ಅನುಭವಿಸುತ್ತಾನೆ, ಅಸಲು ತೀರಿಸಿದ ದಿನ ಗದ್ದೆ ಹಿಂದಕ್ಕೆ ಬರುತ್ತದೆ. ಅವರ ತವರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಪತ್ರ ಬರೆದವನು ಅದನ್ನು ಗಟ್ಟಿಯಾಗಿ ಓದಿಹೇಳಿದ; ಆ ವಿಷಯದಲ್ಲಿ ಅವನನ್ನು ದೂರುವಂತಿಲ್ಲ. ಅದರಲ್ಲಿ “ಶುದ್ಧಕ್ರಯ” ಎಂದು ಎರಡು ಮೂರು ಕಡೆ ಬಂತು. ಅಜ್ಜಿ ಕೇಳಿದರಂತೆ: “ಏನಪ್ಪಾ, ಎಲ್ಲಾ ಶುದ್ಧವಾಗಿದೆಯೋ?” “ಶುದ್ಧವಾಗಿದೆ ಕಣಮ್ಮ” ಎಂದನಂತೆ ಆತ. ಆಕೆ ಹೆಬ್ಬೆಟ್ಟು ಒತ್ತಿದರು.

ಮಡಿ ಮೈಲಿಗೆಯಲ್ಲಿ ಬೆಳೆದ ಆಕೆಗೆ ಶುದ್ಧ ಎಂದರೆ ಕಲ್ಮಷವಿಲ್ಲದ್ದು, ಮೋಸವಿಲ್ಲದ್ದು. ಧಾತುವಿನ ಲೆಕ್ಕದಲ್ಲಿ ನೋಡಿದರೂ ಅಜ್ಜಿ ತಪ್ಪಿರಲಿಲ್ಲ. ತೊಳೆದು ಶುಚಿಯಾದದ್ದೇ ಶುದ್ಧ. ಆದರೆ ಪತ್ರದ ಭಾಷೆಯಲ್ಲಿ ಶುದ್ಧಕ್ರಯವೆಂದರೆ ಯಾವ ಷರತ್ತೂ ಬೆರೆಯದ ಮಾರಾಟ, ಮರಳಿ ಕೇಳುವ ಹಕ್ಕಿಲ್ಲದ ಮಾರಾಟ. ಆರು ವರ್ಷದ ಮೇಲೆ ಸೆರಗಿನಲ್ಲಿ ಅಸಲು ಕಟ್ಟಿಕೊಂಡು ಗದ್ದೆ ಬಿಡಿಸಿಕೊಳ್ಳಲು ಹೋದಾಗ ಆಕೆಗೆ ಆ ಶಬ್ದದ ಅರ್ಥ ತಿಳಿಯಿತು. “ಅಟ್ಟ ಮೇಲೆ ಒಲೆ ಉರಿಯಿತು” ಎಂಬ ಗಾದೆ ಅವರ ಬಾಯಿಗೆ ಅಷ್ಟು ಹತ್ತಿದ್ದು ಯಾವಾಗಿನಿಂದ ಎಂದು ನಾನು ಅವರಿರುವಾಗ ಕೇಳಲಿಲ್ಲ.

ಆದ್ದರಿಂದ ಶಬ್ದದ ಹುಟ್ಟನ್ನು ಹುಡುಕುವವರಿಗೆ ನಾನು ಇದನ್ನು ಮೊದಲು ಹೇಳುತ್ತೇನೆ. ಹುಟ್ಟು ಬೇರೆ, ಇಂದಿನ ಬಾಳು ಬೇರೆ. ಶರ್ಕರಾ ಎಂದರೆ ಗರಸೆಂದು ಗೊತ್ತಿದ್ದ ಮಾತ್ರಕ್ಕೆ ಯಾರೂ ಪಾಯಸಕ್ಕೆ ಗರಸು ಹಾಕುವುದಿಲ್ಲ. ಶಬ್ದವನ್ನು ಈಗ ಯಾರು, ಎಲ್ಲಿ, ಯಾವ ಅರ್ಥಕ್ಕೆ ಬಳಸುತ್ತಿದ್ದಾರೆ ಎಂಬುದನ್ನು ತಿಳಿಯದೆ ಬರಿಯ ಧಾತುವನ್ನು ಹಿಡಿದರೆ ಗದ್ದೆ ಕಳೆದುಕೊಳ್ಳಬೇಕಾಗುತ್ತದೆ. ನಿಘಂಟುಕಾರರಿಗೆ ಇದು ಚೆನ್ನಾಗಿ ಗೊತ್ತು. ಅವರು ಮೂಲವನ್ನು ಕೊಟ್ಟು ಸುಮ್ಮನಾಗುವುದಿಲ್ಲ, ಪ್ರಯೋಗಗಳನ್ನೂ ಕೊಡುತ್ತಾರೆ.

ಅಂಥವರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಒಬ್ಬರು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದವರು. ಅವರ ಕನ್ನಡ - ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟ, ಸುಮಾರು ಎಪ್ಪತ್ತು ಸಾವಿರ ಶಬ್ದ. ಯಾವುದಾದರೂ ಪುಟ ತೆರೆಯಿರಿ. ಶಬ್ದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳು ರೂಪಗಳು ಸಾಲಾಗಿ ನಿಂತಿವೆ. ಕೆಳಗೆ ಹಳ್ಳಿಯ ಗಾದೆಗಳಿವೆ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಇಷ್ಟು ಮಾಡಿದನೆ ಎಂದು ಬೆರಗಾಗುತ್ತದೆ. ಸೋದರ ಭಾಷೆಗಳ ಈ ನಂಟನ್ನು ಮುಂದೆ ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವಾಗಿ 1961ರಲ್ಲಿ ಹೊರತಂದರು. ಅದರ ಪರಿಷ್ಕೃತ ಮುದ್ರಣ 1984ರದ್ದು. ನಮ್ಮ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ, ಹಲವು ಪಂಡಿತರ ಹಲವು ದಶಕಗಳ ದುಡಿಮೆಯಿಂದ, 1995ರಲ್ಲಿ ಪೂರ್ತಿಯಾಯಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರು ಆಮೇಲೂ ಸುಮ್ಮನೆ ಕೂರಲಿಲ್ಲ. “ಇಗೋ ಕನ್ನಡ” ಎಂಬ ಪತ್ರಿಕಾ ಅಂಕಣದಲ್ಲಿ, ನಾಡಿನ ಮೂಲೆಮೂಲೆಯಿಂದ ಕಾರ್ಡು ಬರೆದು ಕೇಳುವವರಿಗೆಲ್ಲ ಒಂದೊಂದು ಶಬ್ದದ ಅರ್ಥ, ಮೂಲಗಳನ್ನು ತಿ‍ಳಿಸುತ್ತ ಬಂದರು. 1913ರಲ್ಲಿ ಹುಟ್ಟಿದ ಅವರು 2021ರವರೆಗೆ, ನೂರ ಏಳು ವರ್ಷ, ಶಬ್ದಗಳ ಸಹವಾಸದಲ್ಲೇ ಬಾಳಿದರು. ಈ ಚಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಮನೆಯವರಿಗೆ ನಾನು ಕೊಡುವ ನಿದರ್ಶನ ಅವರದೇ.

ಕೊನೆಗೆ, ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ತಮಗೆ ಹತ್ತಿರದ ಒಂದು ಶಬ್ದ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ಪ್ರೇಷಕವಿಟ್ಟುಕೊಂಡು ರೇಡಿಯೋ ನಿಲಯ ಆರಂಭಿಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುತ್ತಾರೆ. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತೆಗೆದುಕೊಂಡಿತು. ಶಬ್ದವೇನೂ ಹೊಸದಲ್ಲ, ಕಂಸನಿಗೆ ಅವನ ಸಾವಿನ ಸುದ್ದಿ ತಿಳಿಸಿದ್ದು ಆಕಾಶವಾಣಿಯೇ. ದೇವಲೋಕದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಹಳೆಯ ಶಬ್ದಕ್ಕೆ ಹೊಸ ಉದ್ಯೋಗ ಸಿಕ್ಕಿತು. ಅಚ್ಚಗನ್ನಡ ಬೇಕೆಂದವರು ಬಾನುಲಿ ಎಂಬ ಮಾತನ್ನು ಕಟ್ಟಿದರು. ಬಾನು, ಉಲಿ ಎರಡೂ ಹಳೆಯವೇ. ತಮಿಳಿನಲ್ಲಿ ವಾನಂ ಎಂದರೆ ಆಕಾಶ. ಅವರ ವಕಾರ ನಮ್ಮಲ್ಲಿ ಬಕಾರ. ಅವರ ವಾಯ್ ನಮಗೆ ಬಾಯಿ, ಅವರ ವಿಲ್ ನಮಗೆ ಬಿಲ್ಲು, ಅವರ ವೆಳ್ಳಿ ನಮಗೆ ಬೆಳ್ಳಿ. ಇನ್ನಷ್ಟು ಜೊತೆಗಳನ್ನು ತಾವೇ ಹುಡುಕಬಹುದು.

ಅಂದಹಾಗೆ, ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದು, ಕನ್ನಡದ ಹಾಸ್ಯ ಲೇಖಕರಲ್ಲಿ ಒಬ್ಬರಾಗಿ ಹೆಸರಾದ ಆ ಕಸ್ತೂರಿಯವರು ಒಂದು ನಿಘಂಟನ್ನೂ ಬರೆದರು. ಶಬ್ದಗಳಿಗೆ ಬೇಕೆಂದೇ ತಪ್ಪು ಅರ್ಥ ಕೊಟ್ಟು ನಗಿಸುವ ನಿಘಂಟು. ಅದರ ಹೆಸರು ಅನರ್ಥಕೋಶ. ಅಟ್ಟದ ಮೇಲೆ ಒಲೆ ಹೂಡಿದ ನನ್ನಂಥವನಿಗೆ ಅದರಲ್ಲಿ ಒಂದು ಜಾಗ ಸಿಕ್ಕಬೇಕಾಗಿತ್ತು.